ಕೈಕೊಡದ ಪಿಸ್ತೂಲು ಯಾವುದು?

ಒಂಟಿ ಮನೆಗಳ ದರೋಡೆ ಬಗ್ಗೆ ಒಂದು ಕಾರ್ಯಕ್ರಮ ಮಾಡಿದ್ವಿ. ರಾತ್ರಿ ಒಂಬತ್ತರ ಸ್ಲಾಟ್. ಮಲೆನಾಡಿನ ತೋಟದ ಮನೆಗಳು, ಹಿಂಬಾಗಿಲು, ಕತ್ತಲು, ಹಿನ್ನೆಲೆಯಲ್ಲಿ ಎದೆ ಝಲ್ ಅನ್ನಿಸೋ ಮ್ಯೂಸಿಕ್. ಕೊನೆಯ ಹತ್ತು ನಿಮಿಷ ವೀಕ್ಷಕರ ಕರೆ. ಒಬ್ಬರು ಅಮ್ಮ ಲೈನಿಗೆ ಬಂದರು.

"ಸರ್, ನಾವಿಬ್ಬರೇ ಇರೋದು. ಮಕ್ಕಳು ಬೆಂಗಳೂರಲ್ಲಿ. ನಿಮ್ಮ ಪ್ರೋಗ್ರಾಂ ನೋಡಿ ನಿದ್ದೆ ಹಾರಿಹೋಯ್ತು. ಒಂದು ರಿವಾಲ್ವರ್ ತಗೊಳ್ಳೋಣ ಅಂತಿದ್ದೀವಿ. ಯಾವುದು ತಗೊಂಡ್ರೆ ಕೈಕೊಡಲ್ಲ, ಅದನ್ನೊಂದು ಹೇಳಿ."

ಲೈವ್‌ನಲ್ಲಿ ನನ್ನ ಹತ್ತಿರ ಉತ್ತರ ಇರಲಿಲ್ಲ. "ಪೊಲೀಸರ ಸಲಹೆ ತಗೊಳ್ಳಿ ಅಮ್ಮಾ" ಅಂತ ಹೇಳಿ ಬ್ರೇಕ್ ತಗೊಂಡೆ. ಆದರೆ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಕೈಕೊಡದ ಪಿಸ್ತೂಲು ಯಾವುದು? ಈ ಪ್ರಶ್ನೆ ಆ ಅಮ್ಮನದ್ದು ಮಾತ್ರ ಅಲ್ಲ. ಸುಮಾರು ಇನ್ನೂರು ವರ್ಷದಿಂದ ಸೈನಿಕರು, ಪೊಲೀಸರು, ಸರ್ಕಾರಗಳು ಇದೇ ಪ್ರಶ್ನೆ ಕೇಳುತ್ತಾ ಬಂದಿದ್ದಾರೆ. ಅವರಿಗೆ ಸಿಕ್ಕ ಉತ್ತರ ಏನು? ಬನ್ನಿ ನೋಡೋಣ.

ಕಥೆ ಶುರುವಾಗೋದು ಭಾರತಕ್ಕೆ ಹೊರಟ ಒಂದು ಹಡಗಿನಲ್ಲಿ. 1830. ಅಮೆರಿಕದ ಬೋಸ್ಟನ್‌ನಿಂದ ಕಲ್ಕತ್ತೆಗೆ ಹೊರಟ ಆ ಹಡಗಿನ ಹೆಸರು ಕೊರ್ವೋ. ಅದರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಅನ್ನೋ ಹದಿನಾರು ವರ್ಷದ ಹುಡುಗ. ಪ್ರಯಾಣದಲ್ಲಿ ಅವನು ಮರದ ತುಂಡನ್ನು ಕೆತ್ತಿ, ತಿರುಗುವ ಸಿಲಿಂಡರ್ ಇರುವ ಪಿಸ್ತೂಲಿನ ಮಾದರಿ ಮಾಡಿದ. ಅಲ್ಲಿಯವರೆಗೆ ಪಿಸ್ತೂಲು ಅಂದರೆ ಒಂದು ಸಲ ಹೊಡೆದು, ಮತ್ತೆ ಮದ್ದು ತುಂಬಿಕೊಂಡು ಕೂರಬೇಕಾದ ವಸ್ತು. ಕೋಲ್ಟ್‌ನದು ಒಂದಾದ ಮೇಲೊಂದು ಹೊಡೆಯುವ ಪಿಸ್ತೂಲು. 1836ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಕಾರ್ಖಾನೆಯೂ ಶುರುವಾಯಿತು.

ಆಮೇಲೇನಾಯ್ತು ಗೊತ್ತಾ? 1842ರ ಹೊತ್ತಿಗೆ ಆ ಕಾರ್ಖಾನೆ ಬಾಗಿಲು ಹಾಕಿತು. ಐಡಿಯಾ ಚೆನ್ನಾಗಿತ್ತು, ಕೈಯಲ್ಲಿ ಹಿಡಿದವನಿಗೆ ಭರವಸೆ ಬರಲಿಲ್ಲ. ಬಿಡಿಭಾಗಗಳು ನಾಜೂಕು. ಒಂದೊಂದು ಕೋಣೆಗೂ ಮದ್ದು, ಗುಂಡು ಬೇರೆ ಬೇರೆ ತುಂಬಬೇಕು. ಒಂದು ಕೋಣೆಯ ಕಿಡಿ ಪಕ್ಕದ್ದಕ್ಕೆ ಹಾರಿದರೆ ಎರಡು ಮೂರು ಒಟ್ಟಿಗೇ ಸಿಡಿಯುತ್ತವೆ. ಅದಾಗಬಾರದು ಅಂತ ಪ್ರತಿ ಕೋಣೆಯ ಬಾಯಿಗೂ ಕೊಬ್ಬು ಸವರೋದು ರೂಢಿಯಾಯಿತು. ಸಿಡಿದ ತಾಮ್ರದ ಟೋಪಿಯ ಚೂರು ಒಳಗೆ ಬಿದ್ದರೆ ಸಿಲಿಂಡರ್ ಅಲ್ಲೇ ನಿಂತಿತು. ಅಮೆರಿಕ ಮತ್ತು ಮೆಕ್ಸಿಕೋ ಯುದ್ಧದ ಹೊತ್ತಲ್ಲಿ ಕ್ಯಾಪ್ಟನ್ ಸ್ಯಾಮ್ಯುಯೆಲ್ ವಾಕರ್ ಬಂದು, "ಗಟ್ಟಿಯಾಗಿ, ದೊಡ್ಡದಾಗಿ ಮಾಡಿಕೊಡು" ಅನ್ನುವ ಬೇಡಿಕೆ ಇಟ್ಟ ಮೇಲೆ, 1847ರಲ್ಲಿ ಸರ್ಕಾರದಿಂದ ಸಾವಿರ ರಿವಾಲ್ವರ್‌ಗಳ ಆರ್ಡರ್ ಬಂತು. ಕೋಲ್ಟ್ ಎದ್ದು ನಿಂತದ್ದು ಹೀಗೆ.

ಹತ್ತು ವರ್ಷಕ್ಕೆ ಕೋಲ್ಟ್ ರಿವಾಲ್ವರ್‌ಗಳು ಭಾರತಕ್ಕೇ ಬಂದವು, 1857ರ ದಂಗೆಯಲ್ಲಿ ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿ. ಜಾರ್ಜ್ ಫಾಸ್ಬರಿ ಅನ್ನೋ ಸೇನಾಧಿಕಾರಿ ಆ ಕಾಲದ ಒಂದು ಘಟನೆ ದಾಖಲಿಸಿದ್ದಾನೆ. ಗುರಿಕಾರ ಅಂತ ಹೆಸರು ಮಾಡಿದ್ದ ಒಬ್ಬ ಅಧಿಕಾರಿಯ ಮೇಲೆ ಸಿಪಾಯಿಯೊಬ್ಬ ಕತ್ತಿ ಹಿಡಿದು ನುಗ್ಗಿ ಬಂದ. ಅಧಿಕಾರಿಯ ಕೈಯಲ್ಲಿದ್ದದ್ದು ಸಣ್ಣ ಗುಂಡಿನ ಕೋಲ್ಟ್. ಒಂದರ ಹಿಂದೊಂದು ಹೊಡೆದ. ಗುಂಡುಗಳು ತಗುಲಿದವು. ಆದರೆ ಸಿಪಾಯಿ ನಿಲ್ಲಲಿಲ್ಲ, ಕತ್ತಿ ಬೀಸಿಯೇ ಬಿದ್ದ. ಇಬ್ಬರೂ ಸತ್ತರು. ಪಿಸ್ತೂಲು ಕೆಟ್ಟಿರಲಿಲ್ಲ, ಗುರಿಯೂ ತಪ್ಪಿರಲಿಲ್ಲ. ಆದರೂ ಕೈಕೊಟ್ಟಿತು.

ತಮಾಷೆ ನೋಡಿ, ಇದೇ ಫಾಸ್ಬರಿ ಮುಂದೆ ತಾನೇ ಒಂದು ರಿವಾಲ್ವರ್ ವಿನ್ಯಾಸ ಮಾಡಿದ. ಗುಂಡು ಹಾರಿದ ಹೊಡೆತಕ್ಕೇ ಸಿಲಿಂಡರ್ ತಾನಾಗಿ ತಿರುಗಿ ಮುಂದಿನ ಗುಂಡಿಗೆ ಸಿದ್ಧವಾಗುವ ರಿವಾಲ್ವರ್. ಶೂಟಿಂಗ್ ಸ್ಪರ್ಧೆಗಳಲ್ಲಿ ಹೆಸರು ಮಾಡಿತು. ಮೊದಲ ಮಹಾಯುದ್ಧದ ಕಂದಕಕ್ಕೆ ಇಳಿದಾಗ ಅದರ ಗಾಡಿಗಳಿಗೆ ಕೆಸರು ಮೆತ್ತಿಕೊಂಡು ತೊಂದರೆ ಕೊಟ್ಟಿತು. ಸ್ಪರ್ಧೆಯ ಮೈದಾನದಲ್ಲಿ ನಂಬಬಹುದಾದದ್ದು ಕೆಸರಿನಲ್ಲಿ ನಂಬಲಾಗದ್ದಾಯಿತು.

ನಾನು ಇಂಜಿನಿಯರಿಂಗ್ ಓದುವಾಗ ರಿಲಯಬಿಲಿಟಿ ಅಂತ ಒಂದು ಪಾಠ ಇತ್ತು. ಅದರ ವ್ಯಾಖ್ಯೆ ಇವತ್ತಿಗೂ ನೆನಪಿದೆ. ಒಂದು ಯಂತ್ರ ನಿಗದಿತ ಪರಿಸ್ಥಿತಿಯಲ್ಲಿ, ನಿಗದಿತ ಅವಧಿಯವರೆಗೆ, ಮಾಡಬೇಕಾದ ಕೆಲಸ ಮಾಡುವ ಸಾಧ್ಯತೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದು ಪಾಸಾದೆ. "ನಿಗದಿತ ಪರಿಸ್ಥಿತಿ" ಅನ್ನೋ ಎರಡು ಪದದ ತೂಕ ಆಗ ಗೊತ್ತಾಗಿರಲಿಲ್ಲ. ಅದು ಗೊತ್ತಾಗಬೇಕು ಅಂದ್ರೆ 1911ರ ಒಂದು ಪರೀಕ್ಷೆಯ ಕಥೆ ಕೇಳಬೇಕು.

ಫಿಲಿಪ್ಪೀನ್ಸ್‌ನಲ್ಲಿ ಮೋರೋ ಹೋರಾಟಗಾರರ ಎದುರು ಅಮೆರಿಕದ ಸೈನಿಕರಿಗೂ ಫಾಸ್ಬರಿ ಬರೆದಂಥ ಅನುಭವವೇ ಆಯಿತು. ಪಾಯಿಂಟ್ 38 ರಿವಾಲ್ವರ್‌ನ ಗುಂಡು ತಿಂದೂ ಎದುರಾಳಿ ಮುಂದೆ ಬರುತ್ತಿದ್ದ. 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಅನ್ನೋ ಇಬ್ಬರು ಅಧಿಕಾರಿಗಳು ಪರೀಕ್ಷೆ ನಡೆಸಿ, ಪಾಯಿಂಟ್ 45ಕ್ಕಿಂತ ಚಿಕ್ಕದು ಬೇಡ ಅಂದರು. ಸೈನ್ಯ ಹೊಸ ಪಿಸ್ತೂಲಿಗೆ ಸ್ಪರ್ಧೆ ಇಟ್ಟಿತು. ಕೊನೆಗೆ ಉಳಿದದ್ದು ಎರಡು. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಕೋಲ್ಟ್ ಕಂಪನಿಯ ಪಿಸ್ತೂಲು ಮತ್ತು ಸ್ಯಾವೇಜ್ ಕಂಪನಿಯದ್ದು. 1911ರ ಮಾರ್ಚ್‌ನಲ್ಲಿ ಒಂದೊಂದರಿಂದಲೂ 6,000 ಗುಂಡು ಹಾರಿಸಿದರು. ಸ್ಯಾವೇಜ್ 37 ಸಲ ಕೈಕೊಟ್ಟಿತು. ಬ್ರೌನಿಂಗ್‌ನದು? ಒಂದು ಸಲವೂ ಇಲ್ಲ! 6,000ಕ್ಕೆ ಸೊನ್ನೆ. ಅದೇ ತಿಂಗಳ 29ಕ್ಕೆ ಸೈನ್ಯ ಅದನ್ನು ಒಪ್ಪಿಕೊಂಡಿತು. ಎರಡು ಮಹಾಯುದ್ಧ, ಕೊರಿಯಾ, ವಿಯೆಟ್ನಾಂ ಎಲ್ಲ ಮುಗಿದು 1985ರವರೆಗೂ ಅಮೆರಿಕದ ಸೈನ್ಯದ ಮುಖ್ಯ ಪಿಸ್ತೂಲು ಅದೇ.

ಪಿಸ್ತೂಲುಗಳ ಬಗ್ಗೆ ಮಾತಾಡುವ ಎಲ್ಲರೂ ಈ ಸೊನ್ನೆಯನ್ನು ಹೇಳ್ತಾರೆ. ಆ ಪರೀಕ್ಷೆಯ ನಿಯಮ ಯಾರೂ ಹೇಳಲ್ಲ. ಪ್ರತಿ 100 ಗುಂಡಿಗೊಮ್ಮೆ ಐದು ನಿಮಿಷ ತಣ್ಣಗಾಗಲು ಬಿಡಬೇಕು. ಪ್ರತಿ 1,000 ಗುಂಡಿಗೊಮ್ಮೆ ಶುಚಿ ಮಾಡಿ ಎಣ್ಣೆ ಹಾಕಬೇಕು. ಚರಿತ್ರೆಯಲ್ಲೇ ಅಷ್ಟು ಹೆಸರು ಮಾಡಿದ ಪಿಸ್ತೂಲಿಗೂ ಒರೆಸುವ ಬಟ್ಟೆ, ಎಣ್ಣೆ ಡಬ್ಬಿ ಹಿಡಿದ ಒಬ್ಬ ಮನುಷ್ಯ ಪಕ್ಕದಲ್ಲಿ ನಿಂತಿದ್ದ ಸ್ವಾಮಿ! ಇದೇ ಆ "ನಿಗದಿತ ಪರಿಸ್ಥಿತಿ".

ಈ ಒರೆಸುವ ಕೆಲಸ ಯಾಕೆ ಅಷ್ಟು ಮುಖ್ಯ? ಹಳೇ ಕಾಲದ ತೋಟಾಗಳ ಬುಡದ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ನಳಿಗೆಯೊಳಗೆ ಒಂದು ಲವಣ ಉಳಿಯುತ್ತೆ, ನಮ್ಮ ಅಡುಗೆ ಉಪ್ಪಿನ ಹತ್ತಿರದ ಸಂಬಂಧಿ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಹೇಗೆ ಒದ್ದೆಯಾಗುತ್ತೆ? ಹಾಗೇ ಈ ಲವಣವೂ ಗಾಳಿಯ ತೇವ ಎಳೆದುಕೊಂಡು ಒಳಗಿಂದೊಳಗೇ ತುಕ್ಕು ಹಿಡಿಸುತ್ತೆ. ಬರೀ ಎಣ್ಣೆ ಹಾಕಿದರೆ ಪ್ರಯೋಜನ ಇಲ್ಲ. ಉಪ್ಪು ಎಣ್ಣೆಯಲ್ಲಿ ಕರಗಲ್ಲ, ನೀರಲ್ಲಿ ಕರಗುತ್ತೆ. ಅದಕ್ಕೇ ಆಗಿನ ಸಿಪಾಯಿಗಳು ನಳಿಗೆಗೆ ಕುದಿಯುವ ನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಸವರುತ್ತಿದ್ದರು. ಇವತ್ತಿನ ಹೆಚ್ಚಿನ ತೋಟಾಗಳಲ್ಲಿ ಆ ರಾಸಾಯನಿಕ ಇಲ್ಲ. ಆದರೆ ತೇವ, ಧೂಳು, ಮಸಿ ಎಲ್ಲಿಗೂ ಹೋಗಿಲ್ಲ.

"ಸರ್, ಇದೆಲ್ಲ ಹಳೇ ಕಥೆ, ಈಗ ಗ್ಲಾಕ್ ಬಂದಿದೆಯಲ್ಲ" ಅಂತ ನಮ್ಮ ಹುಡುಗರು ಕೇಳ್ತಾರೆ. ಸರಿ, ಗ್ಲಾಕ್ ಕಥೆಯನ್ನೂ ನೋಡೋಣ. ಗ್ಯಾಸ್ಟನ್ ಗ್ಲಾಕ್ ಅನ್ನೋ ಆಸ್ಟ್ರಿಯಾದ ಮನುಷ್ಯ ಪರದೆ ಕಂಬಿ, ಚಾಕು ಮಾಡಿಕೊಂಡಿದ್ದವನು. ಐವತ್ತು ದಾಟಿದ ಮೇಲೆ ಪಿಸ್ತೂಲಿಗೆ ಕೈ ಹಾಕಿದ. ಮೊದಲ ಮಾದರಿಗಳನ್ನು ಎಡಗೈಯಲ್ಲೇ ಹಾರಿಸಿ ನೋಡುತ್ತಿದ್ದನಂತೆ. ಯಾಕೆ? ಸಿಡಿದು ಕೈ ಹೋದರೂ ನಕ್ಷೆ ಬರೆಯೋಕೆ ಬಲಗೈ ಉಳಿಯಲಿ ಅಂತ! 1982ರಲ್ಲಿ ಆಸ್ಟ್ರಿಯಾದ ಸೈನ್ಯ ಅದನ್ನು ಆರಿಸಿಕೊಂಡಿತು. ಪ್ಲಾಸ್ಟಿಕ್ ಜಾತಿಯ ದೇಹ, ತುಕ್ಕಿನ ಭಯ ಕಡಿಮೆ, ಬಿಡಿಭಾಗ ಬರೀ 34. ಇಂಜಿನಿಯರ್ ಆಗಿ ಹೇಳ್ತೀನಿ, ಭಾಗ ಕಡಿಮೆಯಾದಷ್ಟೂ ಕೆಡುವುದಕ್ಕೆ ಇರುವ ಜಾಗ ಕಡಿಮೆ.

1980ರ ದಶಕದ ಕೊನೆಗೆ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನ ಪೊಲೀಸರು ಗ್ಲಾಕ್ ತಗೊಂಡರು. ಅದರಲ್ಲಿ ಕೈಯಿಂದ ಸರಿಸುವ ಸೇಫ್ಟಿ ಕೀಲಿ ಇಲ್ಲ. ಬೆರಳು ಟ್ರಿಗರ್ ಮೇಲಿಟ್ಟು ಒತ್ತಿದರೆ ಮುಗೀತು. ಪಿಸ್ತೂಲು ಬಂದಷ್ಟು ಬೇಗ ತರಬೇತಿ ಬರಲಿಲ್ಲ. ಮುಂದಿನ ಹತ್ತು ವರ್ಷದಲ್ಲಿ ಆ ಇಲಾಖೆಯಲ್ಲಿ ಬೇಡದೆ ಹಾರಿದ ಗುಂಡುಗಳ ಸಂಖ್ಯೆ ನೂರು ದಾಟಿತು. ಪೊಲೀಸರೇ ತಮ್ಮ ಕಾಲಿಗೆ, ತಮ್ಮವರಿಗೆ ಹೊಡೆದುಕೊಂಡರು. ಪಿಸ್ತೂಲು ಹೇಳಿದ ಕೆಲಸವನ್ನೇ ಮಾಡಿತು. ಹೇಳುವ ಬೆರಳು ತಯಾರಾಗಿರಲಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ಆ ಅಮ್ಮನಿಗೆ ಗ್ಲಾಕ್ ಸಿಗುತ್ತಾ? ಅಂಗಡಿಗೆ ಹೋಗಿ ಹೊಸದೊಂದು ತರುವ ಮಾತೇ ಇಲ್ಲ. 1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದಲ್ಲಿ ಬಂದ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರ ಕೈಯಿಂದ ಆಯುಧ ದೂರ ಮಾಡಿತು. ಯುರೋಪಿಯನ್ನರಿಗೆ ವಿನಾಯಿತಿ, ನಮಗೆ ಲೈಸೆನ್ಸ್. ಕಾಂಗ್ರೆಸ್ ತನ್ನ ಆರಂಭದ ಅಧಿವೇಶನಗಳಲ್ಲೇ ಇದನ್ನು ವಿರೋಧಿಸಿತು. ಸ್ವಾತಂತ್ರ್ಯದ ನಂತರ 1959ರಲ್ಲಿ ನಮ್ಮದೇ ಕಾಯ್ದೆ ಬಂತು. ಜನಾಂಗದ ಭೇದ ಹೋಯಿತು, ಲೈಸೆನ್ಸ್ ಉಳಿಯಿತು. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ, ಬೆಂಗಳೂರಿನಂಥ ನಗರದಲ್ಲಿ ಪೊಲೀಸ್ ಕಮಿಷನರ್ ಅದನ್ನು ಕೊಡಬೇಕು. 9 ಎಂಎಂ, ಪಾಯಿಂಟ್ 38, ಪಾಯಿಂಟ್ 45 ಇವೆಲ್ಲ ಸಾಮಾನ್ಯರಿಗೆ ನಿಷೇಧ. 1980ರ ದಶಕದ ಮಧ್ಯದಲ್ಲಿ ವಿದೇಶಿ ಆಯುಧಗಳ ಆಮದೂ ನಿಂತಿತು. ಹಳೇ ವಿದೇಶಿ ರಿವಾಲ್ವರ್‌ಗಳಿಗೆ ಚಿನ್ನದ ಬೆಲೆ ಬಂತು. ಉಳಿದವರಿಗೆ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 32. ಆ ರಿವಾಲ್ವರ್‌ನ ತೋಟಾ ಹುಟ್ಟಿದ್ದು ಯಾವಾಗ ಗೊತ್ತಾ? 1896ರಲ್ಲಿ, ಅಮೆರಿಕದಲ್ಲಿ.

2014ರ ಜನವರಿ ನಿಮಗೆ ನೆನಪಿರಬಹುದು. ದೆಹಲಿಯ ನಿರ್ಭಯಾ ಪ್ರಕರಣ ನಡೆದು ಒಂದು ವರ್ಷ ಆಗಿತ್ತು. ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗಾಗಿ ಅಂತ 'ನಿರ್ಭೀಕ್' ರಿವಾಲ್ವರ್ ಬಿಡುಗಡೆ ಮಾಡಿತು. ತೂಕ ಸುಮಾರು 500 ಗ್ರಾಂ, ಟೈಟಾನಿಯಂ ಮಿಶ್ರಲೋಹ, ಆರು ಗುಂಡು, ಅದೇ ಪಾಯಿಂಟ್ 32. ಒಡವೆ ಪೆಟ್ಟಿಗೆಯಂಥ ಡಬ್ಬಿ. ಬೆಲೆ 1,22,360 ರೂಪಾಯಿ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹೆಣ್ಣುಮಗಳಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಅದನ್ನು ಕೇಳಿದವರಿದ್ದರು. ಕೊಂಡವರು ಅದನ್ನು ಎಲ್ಲಿಡಬೇಕು, ಯಾವಾಗ ಒರೆಸಬೇಕು, ಎಲ್ಲಿ ಅಭ್ಯಾಸ ಮಾಡಬೇಕು? ಟಿವಿಯಲ್ಲಿ ನಾವು ಯಾರೂ ಅದನ್ನು ಕೇಳಲಿಲ್ಲ.

ಯಾಕೆ ಇದನ್ನು ಒತ್ತಿ ಹೇಳ್ತಿದ್ದೀನಿ ಅಂದ್ರೆ, ನಮ್ಮ ಮನೆಯಲ್ಲೇ ಒಂದು ರಿವಾಲ್ವರ್ ಇತ್ತು.

ಕೊಪ್ಪದ ಹತ್ತಿರ ನಮ್ಮಜ್ಜನದು ಅಡಿಕೆ ತೋಟ, ಒಂಟಿ ಮನೆ. ಪಕ್ಕದ ಮನೆ ಅಂದರೆ ಎರಡು ಕಿಲೋಮೀಟರ್. ಅಜ್ಜನ ಹತ್ತಿರ ಲೈಸೆನ್ಸ್ ಇತ್ತು, ಬೀರುವಿನ ಒಳಗಡೆ ಚರ್ಮದ ಚೀಲದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಪಾಯಿಂಟ್ 32 ರಿವಾಲ್ವರ್. ರಾತ್ರಿ ನಾಯಿ ಬೊಗಳಿದರೆ ಅಜ್ಜಿ ಹೇಳ್ತಿದ್ದಳು, "ಹೆದರಬೇಡ ಮಾಣಿ, ಅಜ್ಜನ ಹತ್ರ ಅದು ಇದೆ." ಆ ಮಾತು ಕೇಳಿ ನಾವು ಮೊಮ್ಮಕ್ಕಳು ಹೊದ್ದು ಮಲಗ್ತಿದ್ವಿ.

ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಅದು ಹೊರಗೆ ಬರ್ತಿತ್ತು. ಕತ್ತಿ, ಗುದ್ದಲಿ, ಸ್ಪ್ರೇಯರ್ ಸಾಲಿನಲ್ಲಿ ಅದಕ್ಕೂ ಒಂದು ಜಾಗ. ಕೊಬ್ಬರಿ ಎಣ್ಣೆ ಸವರಿ, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹೂ ಇಟ್ಟು ಮಂಗಳಾರತಿ. ಮತ್ತೆ ಚರ್ಮದ ಚೀಲ, ಮತ್ತೆ ಬೀರು. ಚುನಾವಣೆ ಬಂದರೆ ಠಾಣೆಗೆ ಕೊಟ್ಟು ಬರೋದು, ಮುಗಿದ ಮೇಲೆ ತರೋದು.

ಅಜ್ಜ ತೀರಿಕೊಂಡ ಮೇಲೆ, ಕಾನೂನಿನ ಪ್ರಕಾರ ಅದನ್ನು ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಬೇಕು. ನಾನೂ ನಮ್ಮ ಮಾವನೂ ಅಂಗಡಿಗೆ ತಗೊಂಡು ಹೋದ್ವಿ. ವಯಸ್ಸಾದ ಅಂಗಡಿಯವರು ನಳಿಗೆಯನ್ನು ಗೋಡೆ ಕಡೆ ತಿರುಗಿಸಿ ಬಿಚ್ಚೋಕೆ ನೋಡಿದರು. ಬರಲಿಲ್ಲ. ಸಿಲಿಂಡರ್ ತಿರುಗಲಿಲ್ಲ. ಎಣ್ಣೆ, ಕುಂಕುಮ, ಧೂಳು ಸೇರಿ ಮೇಣದ ಥರ ಕೂತಿತ್ತು. ಹೇಗೋ ಬಿಡಿಸಿ ತೋಟಾ ತೆಗೆದರು. ಹಿತ್ತಾಳೆ ಮೇಲೆ ಹಸಿರು ಕಿಲುಬು. ನಳಿಗೆಯೊಳಗೆ ಬೆಳಕು ಬಿಟ್ಟು ತೋರಿಸಿದರು. ಒಳಗೆ ತುಕ್ಕಿನ ಗುಳಿಗಳು.

"ಇದು ಹೊಡೆದು ಎಷ್ಟು ವರ್ಷ ಆಯ್ತು?" ಅಂತ ಕೇಳಿದರು. ಮಾವ ಲೆಕ್ಕ ಹಾಕಿದರು. ಅವರ ನೆನಪಿನಲ್ಲಿ ಒಂದು ಗುಂಡೂ ಹಾರಿರಲಿಲ್ಲ. "ಬೇಕಾದ ದಿನ ಹೊಡೀತಿರಲಿಲ್ಲ ಬಿಡಿ" ಅಂದರು ಅಂಗಡಿಯವರು.

ತಪ್ಪು ತಯಾರಿಸಿದವರದ್ದಲ್ಲ. ಚರ್ಮ ತೇವ ಹಿಡಿದಿಡುತ್ತೆ, ಚರ್ಮ ಹದ ಮಾಡುವ ರಾಸಾಯನಿಕ ಉಕ್ಕನ್ನು ತಿನ್ನುತ್ತೆ. ಮಲೆನಾಡಿನ ಆಷಾಢದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತೆ, ಇನ್ನು ಬೀರುವಿನೊಳಗಿನ ಚರ್ಮದ ಚೀಲ ಕೇಳಬೇಕಾ? ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತೆ, ನಮ್ಮೆಲ್ಲರ ಮನೆಯ ಬಾಟಲಿಯಲ್ಲೇ ನೋಡಿದ್ದೀವಿ. ಯಂತ್ರಕ್ಕೆ ಬೇಕಾದದ್ದು ತೆಳುವಾದ ಗನ್ ಎಣ್ಣೆ, ಅದೂ ಒಂದು ಪದರ ಮಾತ್ರ. ಅಜ್ಜನಿಗೆ ಭಕ್ತಿ ಇತ್ತು, ಕಾಳಜಿಯೂ ಇತ್ತು. ಆಯುಧಕ್ಕೆ ಪೂಜೆ ಆಗ್ತಿತ್ತು, ಸರ್ವಿಸ್ ಆಗ್ತಿರಲಿಲ್ಲ. ಅಷ್ಟು ವರ್ಷ ನಮ್ಮ ಮನೆ ನಿದ್ದೆ ಮಾಡಿದ್ದು ಹೊಡೆಯದ ಒಂದು ರಿವಾಲ್ವರ್ ನಂಬಿಕೊಂಡು.

ಪಕ್ಕದ ಕೊಡಗಿನಲ್ಲಿ ಪೂಜೆ, ಸರ್ವಿಸ್ ಎರಡೂ ಒಟ್ಟಿಗೆ ಬೆಳೆದವು. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಡವರಿಗೆ ಸಿಕ್ಕ ಲೈಸೆನ್ಸ್ ವಿನಾಯಿತಿ ಇವತ್ತಿಗೂ ನಡೆದುಕೊಂಡು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಗಮನಿಸಿ, ಆ ವಿನಾಯಿತಿ ಇರೋದು ಉದ್ದ ಕೋವಿಗೆ, ಪಿಸ್ತೂಲಿಗಲ್ಲ. ನಾಟಿ ಕೆಲಸ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಹೊರಗೆ ತೆಗೆದು, ಶುಚಿ ಮಾಡಿ, ತೋಕ್ ಪೂ ಇಟ್ಟು ಪೂಜಿಸ್ತಾರೆ. ಆಮೇಲೆ ಅವು ಬೀರುವಿಗೆ ಹೋಗಲ್ಲ, ಮೈದಾನಕ್ಕೆ ಹೋಗ್ತವೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕೋವಿ ಹೊಡೆಯುತ್ತೋ ಇಲ್ಲವೋ ಅಂತ ಊರೆಲ್ಲರ ಎದುರು ಪರೀಕ್ಷೆ ಆಗಿಹೋಗುತ್ತೆ. ಹೊಡೆಯುವವನ ಕೈಯೂ ಪರೀಕ್ಷೆ ಆಗುತ್ತೆ.

ಕಾರ್ಯಕ್ರಮ ಮುಗಿದ ಎರಡು ದಿನಕ್ಕೆ ಆ ಅಮ್ಮನ ನಂಬರ್ ಹುಡುಕಿ ನಾನೇ ಫೋನ್ ಮಾಡಿದೆ. ಗೊತ್ತಿದ್ದಷ್ಟು ಹೇಳಿದೆ. ಲೈಸೆನ್ಸಿಗೆ ಅರ್ಜಿ ಹಾಕಿ, ಆತ್ಮರಕ್ಷಣೆಯ ಹಕ್ಕು ಕಾನೂನಿನಲ್ಲಿದೆ, ಅದಕ್ಕೆ ಮಿತಿಯೂ ಇದೆ. 2016ರ ನಿಯಮಗಳ ಪ್ರಕಾರ ತರಬೇತಿ ಬೇಕು, ಸುರಕ್ಷಿತವಾಗಿ ಬೀಗ ಹಾಕಿ ಇಡುವ ವ್ಯವಸ್ಥೆ ಬೇಕು. ಹೊಸಬರಿಗೆ ಪಿಸ್ತೂಲಿಗಿಂತ ರಿವಾಲ್ವರ್ ಸರಳ. ಒಂದು ತೋಟಾ ಸಿಡಿಯದಿದ್ದರೆ ಮತ್ತೆ ಟ್ರಿಗರ್ ಒತ್ತಿದರೆ ಮುಂದಿನದು ಬರುತ್ತೆ. ಪಿಸ್ತೂಲಾದರೆ ಮೇಲಿನ ಸ್ಲೈಡ್ ಎಳೆದು ಸರಿಮಾಡಬೇಕು, ಗಾಬರಿಯಲ್ಲಿ ಅದು ಆಗಲ್ಲ. ಕೊಳ್ಳುವ ಮುಂಚೆ ಬಲ್ಲವರಿಂದ ಹೊಡೆಸಿ ನೋಡಿ. ಚರ್ಮದ ಚೀಲದಲ್ಲಿ ಇಡಬೇಡಿ. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ತೋಟಾ ಪೂರ್ತಿ ತೆಗೆದು, ಎರಡು ಸಲ ನೋಡಿಕೊಂಡು, ನಳಿಗೆಗೆ ಬ್ರಷ್ ಹಾಕಿ, ಒಣಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಸವರಬೇಕು. ಹಳೇ ತೋಟಾ ಅಭ್ಯಾಸದಲ್ಲಿ ಖರ್ಚು ಮಾಡಿ ಹೊಸದು ತರಬೇಕು. ವರ್ಷಕ್ಕೆ ಒಂದೆರಡು ಸಲವಾದರೂ ರೇಂಜಿಗೆ ಹೋಗಿ ಹೊಡೆಯಬೇಕು. ಮೊಮ್ಮಕ್ಕಳು ರಜೆಗೆ ಬಂದಾಗ ಬೀಗದ ಕೈ ನಿಮ್ಮ ಸೊಂಟದಲ್ಲೇ ಇರಬೇಕು.

ಅಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು, "ಇಷ್ಟೆಲ್ಲ ಮಾಡೋರು ಯಾರು ಸರ್? ನಮ್ಮನೆಯವರಿಗೆ ಕಣ್ಣು ಮಂಜು. ನನಗೆ ಕೈ ನಡುಗುತ್ತೆ."

ನಾನು ಬೇಡ ಅನ್ನಲಿಲ್ಲ. ಅದನ್ನು ಹೇಳಲು ನಾನ್ಯಾರು? ಅವರ ಭಯ ಸುಳ್ಳಲ್ಲ, ಆ ಭಯದಲ್ಲಿ ನಮ್ಮ ಮ್ಯೂಸಿಕ್‌ನ ಪಾಲೂ ಇದೆ. ಬೇರೆ ಏನೇನು ಮಾಡಬಹುದು ಅಂತ ಇಬ್ಬರೂ ಮಾತಾಡಿದ್ವಿ. ಹಿಂಬಾಗಿಲಿಗೆ ಕಬ್ಬಿಣದ ಗೇಟು, ಅಂಗಳಕ್ಕೆ ಎರಡು ದೀಪ, ಠಾಣೆಯ ಬೀಟ್ ಪೊಲೀಸ್ ನಂಬರ್, 112, ರಾತ್ರಿ ಕರೆದರೆ ಓಡಿ ಬರುವ ನಾಲ್ಕು ಮನೆಯವರ ವಾಟ್ಸಾಪ್ ಗುಂಪು. ಇವುಗಳನ್ನೂ ಆಗಾಗ ನೋಡಿಕೊಳ್ಳಬೇಕು. ದೀಪ ಉರಿಯುತ್ತಾ? ಗೇಟಿನ ಬೀಗಕ್ಕೆ ತುಕ್ಕು ಹಿಡಿದಿದೆಯಾ? ಆ ನಾಲ್ಕು ಮನೆಯವರು ನಿಜವಾಗಿ ಫೋನ್ ಎತ್ತುತ್ತಾರಾ? ಆದರೆ ಇಷ್ಟನ್ನು ನೋಡಿಕೊಳ್ಳೋದು ಅವರಿಬ್ಬರ ಕೈಲಿ ಆಗುತ್ತೆ.

ಕಳೆದ ತಿಂಗಳು ಅವರೇ ಫೋನ್ ಮಾಡಿದ್ದರು. ಲೈಸೆನ್ಸ್ ಅರ್ಜಿ ಇನ್ನೂ ಹಾಕಿಲ್ಲವಂತೆ, ಹಾಕೋದು ಅನುಮಾನ ಅಂದರು. ಗೇಟು ಹಾಕಿಸಿದ್ದಾರೆ. ಒಂದು ರಾತ್ರಿ ಸುಮ್ಮನೆ ಪರೀಕ್ಷೆಗೆ ಅಂತ ಗುಂಪಿನಲ್ಲಿ ಕರೆ ಮಾಡಿದರಂತೆ. ನಾಲ್ಕರಲ್ಲಿ ಮೂರು ಮನೆಯವರು ಟಾರ್ಚ್ ಹಿಡಿದು ಬಂದರಂತೆ. ಬಾರದ ಆ ನಾಲ್ಕನೆಯವರ ಮನೆಗೆ ಮರುದಿನ ಬೆಳಗ್ಗೆ ಅಮ್ಮನೇ ನಡೆದುಹೋಗಿ ಮಾತಾಡಿ ಬಂದಿದ್ದಾರೆ.